ರಸ್ತೆಯಿಂದ ಕೆಳಗಿಳಿಯಬೇಕಾದವರು ಯಾರು?

ಮೋಟಾರು ವಾಹನ ನಡೆಸುವವರು ಸೈಕಲ್ ಸವಾರರ ಮೇಲೆ ತೋರುವ ಸಿಟ್ಟನ್ನು ಚಾಲಕರ ಸ್ವಭಾವದೋಷವೆಂದು ಎಣಿಸುವುದೂ, ರಸ್ತೆ ಸುರಕ್ಷತಾ ಸಪ್ತಾಹದ ಭಾಷಣಗಳಲ್ಲಿ ತಾಳ್ಮೆಯನ್ನು ಬೋಧಿಸಿದರೆ ಅದು ತಗ್ಗೀತೆಂದು ನಂಬುವುದೂ ರೂಢಿಯಲ್ಲಿದೆ. ಆದರೆ ಲಾರಿ, ಟ್ರ್ಯಾಕ್ಟರ್, ಕ್ರೂಸರ್, ಟಂಟಂ, ಬೈಕು ಹೀಗೆ ಬೇರೆ ಬೇರೆ ವಾಹನಗಳನ್ನು, ಬೇರೆ ಬೇರೆ ಅವಸರಗಳಲ್ಲಿ ನಡೆಸುವ ಜನರೆಲ್ಲ ಸೈಕಲ್ಲಿನ ಎದುರು ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ವರ್ತಿಸುತ್ತಿದ್ದರೆ, ಅದರ ಕಾರಣವನ್ನು ಬಿಡಿ ಮನುಷ್ಯರ ಗುಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ರಸ್ತೆ ಯಾರಿಗೆ ಸೇರಿದ್ದು, ಇಬ್ಬರಿಗೆ ಜಾಗ ಸಾಲದೆ ಹೋದಾಗ ಯಾರು ಕೆಳಗಿಳಿಯಬೇಕು ಎಂಬ ಪ್ರಶ್ನೆಗೆ ಸಮಾಜವು ಬಾಯಿಬಿಟ್ಟು ಹೇಳದೆ ಕೊಟ್ಟುಕೊಂಡಿರುವ ಉತ್ತರವೇ ಆ ಸಿಟ್ಟಿನ ರೂಪದಲ್ಲಿ ಹೊರಬೀಳುತ್ತದೆ. ಆ ಉತ್ತರವು ರಸ್ತೆಯ ಅಳತೆಯಲ್ಲಿ, ತೆರಿಗೆಯ ಕುರಿತ ತಪ್ಪು ನಂಬಿಕೆಯಲ್ಲಿ, ಸೈಕಲ್ಲಿಗೂ ಬಡತನಕ್ಕೂ ಗಂಟುಹಾಕಿದ ಮನೋಭಾವದಲ್ಲಿ ಬೇರುಬಿಟ್ಟಿರುವುದರಿಂದ, ಅದನ್ನು ಬದಲಿಸುವ ಕೆಲಸವೂ ಅಲ್ಲಿಂದಲೇ ಮೊದಲಾಗಬೇಕು ಎಂಬುದು ಈ ಲೇಖನದ ವಾದ.

ಇಲ್ಲಿ ಹಗೆತನವೆಂದರೆ ಬೈಗುಳ ಮಾತ್ರವಲ್ಲ. ಹಿಂದಿನಿಂದ ಬಿಡದೆ ಹಾರ್ನ್ ಹೊಡೆಯುವುದು, ಮೊಳದಷ್ಟೂ ಅಂತರ ಬಿಡದೆ ಉಜ್ಜಿಕೊಂಡು ಮುಂದೆ ಸಾಗುವುದು, ದಾಟಿದ ಕೂಡಲೇ ಎಡಕ್ಕೆ ಎಳೆದು ಸವಾರ ಗಕ್ಕನೆ ನಿಲ್ಲುವಂತೆ ಮಾಡುವುದು, ಎದುರಿನಿಂದ ಸೈಕಲ್ ಬರುತ್ತಿರುವುದು ಕಂಡರೂ ಅದು ಇಲ್ಲವೆಂಬಂತೆ ಇನ್ನೊಂದು ವಾಹನವನ್ನು ಹಿಂದಿಕ್ಕಲು ಹೊರಡುವುದು, ರಾತ್ರಿ ಪ್ರಖರ ದೀಪವನ್ನು ಇಳಿಸದೆ ಕಣ್ಣು ಕೋರೈಸುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಕೆಲವನ್ನು ಬೇಕೆಂದೇ ಮಾಡಲಾಗುತ್ತದೆ. ಉಳಿದವು ಎದುರಿಗಿರುವವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಉಪೇಕ್ಷೆಯಿಂದ ಹುಟ್ಟುತ್ತವೆ. ಸವಾರನ ಮೈಗೆ ತಗಲುವ ಅಪಾಯದ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ.

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಚರ್ಚಿಸುವಾಗ ಬೆಂಗಳೂರು, ಮೈಸೂರುಗಳೇ ಮೊದಲು ನೆನಪಿಗೆ ಬರುತ್ತವೆ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗುರುತಿಸಿದ ಸೈಕಲ್ ಪಥ, ನಗರ ಭೂಸಾರಿಗೆ ನಿರ್ದೇಶನಾಲಯವು ಕಾಲ್ನಡಿಗೆ ಮತ್ತು ಸೈಕಲ್ ಸಂಚಾರದ ಹಕ್ಕುಗಳಿಗಾಗಿ ಸಿದ್ಧಪಡಿಸಿದ ಕರಡು ಮಸೂದೆ, ಇವೆಲ್ಲ ನಗರವನ್ನು ಕಣ್ಣಮುಂದಿಟ್ಟುಕೊಂಡವು. ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರಿನಂಥ ಊರಿನ ರಸ್ತೆ ಈ ಚರ್ಚೆಯೊಳಗೆ ಬರುವುದೇ ಇಲ್ಲ. ನಗರದಲ್ಲಿ ಸೈಕಲ್ ಹಲವರಿಗೆ ಆಯ್ಕೆಯಾಗಿದ್ದರೆ ಇಲ್ಲಿ ಅದು ಬಹುಮಟ್ಟಿಗೆ ಅನಿವಾರ್ಯ: ಸುತ್ತಲಿನ ಹಳ್ಳಿಗಳಿಂದ ಪ್ರೌಢಶಾಲೆಗೆ ಬರುವ ಮಕ್ಕಳು, ಹೊಲಕ್ಕೆ ಹೋಗುವ ಕೂಲಿಗಳು, ಹಾಲು ಹಾಕುವವರು, ಐಸ್‌ಕ್ಯಾಂಡಿ ಮತ್ತು ಪಾತ್ರೆ ಮಾರುವವರು, ಬೈಕಿಗೆ ಪೆಟ್ರೋಲು ಹಾಕಿಸಲಾಗದ ಮುದುಕರು ಇಲ್ಲಿನ ಸವಾರರು. ಆದ್ದರಿಂದ ರಸ್ತೆಯ ಹಗೆತನದ ಪ್ರಶ್ನೆ ಇಂಥ ಊರಿನಲ್ಲಿಯೇ ಅತ್ಯಂತ ನಿಚ್ಚಳವಾಗಿ ಕಾಣುತ್ತದೆ.

ಮೊದಲು ಅಳತೆಯನ್ನು ನೋಡಬೇಕು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಒಂದು ಸಾಲಿನ ಹಳ್ಳಿ ರಸ್ತೆಗೆ ನಿಗದಿಯಾದ ಡಾಂಬರಿನ ಅಗಲ 3.75 ಮೀಟರ್; ವಾಹನಗಳ ಓಡಾಟ ತೀರಾ ಕಡಿಮೆಯಿರುವೆಡೆ 3 ಮೀಟರ್. ಲಾರಿಯೊಂದರ ಅಗಲ ಕಾನೂನಿನ ಪ್ರಕಾರ 2.6 ಮೀಟರಿನವರೆಗೆ ಇರಬಹುದು. ಸೈಕಲ್ಲಿನ ಹ್ಯಾಂಡಲ್ ಸುಮಾರು 0.6 ಮೀಟರ್ ಅಗಲವಿದ್ದರೂ, ಪೆಡಲ್ ತುಳಿಯುವಾಗ ಸೈಕಲ್ ಸಹಜವಾಗಿಯೇ ಅತ್ತಿತ್ತ ಓಲಾಡುವುದರಿಂದ ಅದಕ್ಕೆ ಒಂದು ಮೀಟರಿನಷ್ಟು ಜಾಗ ಬೇಕು. ಲಾರಿಯು ಡಾಂಬರಿನ ಒಂದು ಅಂಚಿಗೆ ಪೂರ್ತಿ ಸರಿದರೂ ಇನ್ನೊಂದು ಬದಿಯಲ್ಲಿ ಉಳಿಯುವುದು 1.15 ಮೀಟರ್, ಸವಾರನ ಓಲಾಟವನ್ನು ಕಳೆದರೆ ಇಬ್ಬರ ನಡುವಿನ ಅಂತರ ಒಂದು ಗೇಣಿಗಿಂತಲೂ ಕಡಿಮೆ. ಅಂದರೆ ಇಂಥ ರಸ್ತೆಯಲ್ಲಿ ಲಾರಿ ಅಥವಾ ಹುಲ್ಲು ತುಂಬಿದ ಟ್ರ್ಯಾಕ್ಟರ್ ಸೈಕಲ್ಲನ್ನು ಸುರಕ್ಷಿತವಾಗಿ ದಾಟಬೇಕಾದರೆ ಇಬ್ಬರಲ್ಲಿ ಒಬ್ಬರ ಚಕ್ರ ಡಾಂಬರಿನಿಂದ ಕೆಳಗಿಳಿಯಲೇಬೇಕು. ಘರ್ಷಣೆ ಯಾರದೇ ಸಿಡುಕಿನಿಂದ ಹುಟ್ಟುವ ಮುಂಚೆ ರಸ್ತೆಯ ನಕ್ಷೆಯಲ್ಲಿಯೇ ಹುಟ್ಟಿರುತ್ತದೆ. ಏಳು ಮೀಟರ್ ಅಗಲದ ಎರಡು ಸಾಲಿನ ರಸ್ತೆಯಲ್ಲೂ ಎರಡು ದೊಡ್ಡ ವಾಹನಗಳು ಎದುರುಬದುರಾದಾಗ ಅವುಗಳ ನಡುವೆಯೂ ಎರಡು ಅಂಚುಗಳಲ್ಲಿಯೂ ಸೇರಿ ಮಿಗುವುದು 1.8 ಮೀಟರ್ ಮಾತ್ರ. ಆ ಗಳಿಗೆಯಲ್ಲಿ ಅಂಚಿನಲ್ಲಿರುವ ಸೈಕಲ್ಲಿನ ಗತಿ ಮತ್ತೆ ಅದೇ.

ಕೆಳಗಿಳಿಯುವವನು ಯಾರು ಎಂಬುದನ್ನು ವಾಸ್ತವದಲ್ಲಿ ತೀರ್ಮಾನಿಸುವುದು ತೂಕ. ಡಿಕ್ಕಿಯಾದರೆ ಒಬ್ಬನಿಗೆ ಬಣ್ಣ ಕೆತ್ತಿಹೋಗುವ ನಷ್ಟ, ಇನ್ನೊಬ್ಬನಿಗೆ ಪ್ರಾಣದ ನಷ್ಟ ಎಂದಾಗ ಮೊದಲನೆಯವನು ಸರಿಯದೆಯೇ ಎರಡನೆಯವನು ಸರಿಯುತ್ತಾನೆ. ಹೀಗೆ ನೂರಾರು ಬಾರಿ ನಡೆದ ಮೇಲೆ ಅದು ಭಯದಿಂದ ಸರಿದದ್ದೆಂಬುದು ಮರೆತುಹೋಗಿ, ಸರಿಯುವುದೇ ಸೈಕಲ್ಲಿನವನ ಕರ್ತವ್ಯವೆಂಬ ನಿಯಮವಾಗಿ ನೆಲೆಗೊಳ್ಳುತ್ತದೆ. ಸರಿಯದವನ ಮೇಲೆ ಚಾಲಕನಿಗೆ ಬರುವ ಸಿಟ್ಟಿನಲ್ಲಿ, ತನ್ನ ಹೊಲದ ಬದುವನ್ನು ಒತ್ತಿದವನ ಮೇಲೆ ಒಕ್ಕಲಿಗನಿಗೆ ಬರುವ ಸಿಟ್ಟಿನ ಛಾಯೆಯಿದೆ: ತನ್ನದೆಂದು ತಿಳಿದ ಜಾಗಕ್ಕೆ ಬೇರೊಬ್ಬ ಕಾಲಿಟ್ಟನೆಂಬ ಭಾವ ಅದು. ಜಾಗ ನಿಜವಾಗಿ ತನ್ನದೇ ಎಂಬ ಪ್ರಶ್ನೆಯನ್ನು ಮಾತ್ರ ಅವನು ಕೇಳಿಕೊಂಡಿರುವುದಿಲ್ಲ.

ಹಾಗಾದರೆ ಸೈಕಲ್ಲಿನವನು ಒಂದು ಗಳಿಗೆ ಪಕ್ಕಕ್ಕೆ ಇಳಿದರೆ ಕಳೆದುಕೊಳ್ಳುವುದೇನು ಎಂದು ಕೇಳಬಹುದು. ಡಾಂಬರಿನ ಎರಡೂ ಬದಿಯಲ್ಲಿ ವಾಹನಗಳು ಸರಿದುಕೊಳ್ಳಲೆಂದು ಬಿಡುವ ಮಣ್ಣು ಅಥವಾ ಮೊರಂನ ಪಟ್ಟಿಗೆ ರಸ್ತೆ ಇಂಜಿನಿಯರುಗಳು ಶೋಲ್ಡರ್ ಎನ್ನುತ್ತಾರೆ. ಕಾಗದದ ಮೇಲೆ ಅದು ಡಾಂಬರಿನ ಮಟ್ಟಕ್ಕೇ ಇರಬೇಕು. ಆದರೆ ಪ್ರತಿ ಬಾರಿ ಮೇಲ್ಪದರ ಹಾಕಿದಾಗ ಡಾಂಬರು ಎತ್ತರವಾಗುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಅಂಚು ಮುರಿದು ಮೆಟ್ಟಿಲಿನಂತಾಗುತ್ತದೆ. ಯಲಬುರ್ಗಾ ಸೀಮೆಯ ಎರೆಭೂಮಿಯಲ್ಲಿ ಒಂದು ಹದ ಮಳೆ ಬಿದ್ದರೆ ಈ ಪಟ್ಟಿ ಅಂಟಿನ ಕೆಸರಾಗಿ ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಕಟ್ಟಿಕೊಂಡು ಸೈಕಲ್ ನಿಂತೇಬಿಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಚಕ್ರವನ್ನು ಹಿಡಿಯುತ್ತದೆ. ಎರಡೂ ಬದಿಯ ಜಾಲಿ ಮುಳ್ಳು ಟ್ಯೂಬಿಗೆ ತೂತು ಮಾಡುತ್ತದೆ. ಸುಗ್ಗಿಯ ಕಾಲದಲ್ಲಿ ಕಣ ಮಾಡಲು ಜಾಗವಿಲ್ಲದ ರೈತರು ಹುರುಳಿ, ಸಜ್ಜೆ, ತೊಗರಿಗಳನ್ನು ಡಾಂಬರಿನ ಮೇಲೆಯೇ ಹರಡಿ, ಓಡಾಡುವ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವುದರಿಂದ ಇರುವ ಅಗಲವೂ ಅರ್ಧಕ್ಕಿಳಿಯುತ್ತದೆ, ಸೊಪ್ಪಿನ ರಾಶಿಯ ಮೇಲೆ ಸೈಕಲ್ ಜಾರುತ್ತದೆ. ವಾಹನ ಬಂದಾಗ ಅಂಚಿನಿಂದ ಇಳಿಯುವುದೆಂದರೆ ಎಷ್ಟೋ ಸಲ ಬೀಳುವುದು, ಕೆಲವೊಮ್ಮೆ ಹಿಂದಿನ ಚಕ್ರಕ್ಕೆ ಸಿಕ್ಕುವಂತೆ ಒಳಮುಖವಾಗಿ ಬೀಳುವುದು.

ಎತ್ತರದ ಕ್ಯಾಬಿನಿನಲ್ಲಿ ಕುಳಿತ ಚಾಲಕನಿಗೆ ಆ ಎರಡು ಮೂರು ಅಂಗುಲದ ಇಳಿಜಾರು ಕಾಣುವುದಿಲ್ಲ. ಅವನ ದಪ್ಪ ಟೈರಿಗೆ ಅದು ತಿಳಿಯುವುದೂ ಇಲ್ಲ. ಹೀಗಾಗಿ ಸವಾರನ ಎಚ್ಚರಿಕೆ ಅವನಿಗೆ ಮೊಂಡುತನವಾಗಿಯೂ, ಗುಂಡಿ ತಪ್ಪಿಸಲು ಸವಾರ ಬಲಕ್ಕೆ ಹೊರಳಿದ್ದು ಹುಡುಗಾಟವಾಗಿಯೂ ಕಾಣುತ್ತದೆ. ಚಾಲಕ ಕಳೆದುಕೊಳ್ಳುವುದು ಎಷ್ಟೆಂದು ಲೆಕ್ಕ ಹಾಕಿದರೆ, ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗಬಹುದಾದವನು 15 ಕಿಲೋಮೀಟರ್ ವೇಗದ ಸೈಕಲ್ಲಿನ ಹಿಂದೆ 300 ಮೀಟರ್ ದೂರ ಕಾಯ್ದರೆ ಅವನಿಗೆ ತಗಲುವ ಹೆಚ್ಚಿನ ಸಮಯ 48 ಸೆಕೆಂಡ್. ಸಂತೆಯ ದಿನ ಊರಿನ ನಡುವೆ, ರೈಲ್ವೆ ಗೇಟಿನಲ್ಲಿ, ಎದುರಿನಿಂದ ಬರುವ ಕುರಿಹಿಂಡಿನ ಮುಂದೆ ಅವನೇ ಇದಕ್ಕಿಂತ ಹೆಚ್ಚು ಹೊತ್ತು ದೂರಿಲ್ಲದೆ ನಿಲ್ಲುತ್ತಾನೆ. ಆದ್ದರಿಂದ ಕಳೆದುಹೋದ ಸಮಯ ಈ ಸಿಟ್ಟಿಗೆ ಪೂರ್ತಿ ಕಾರಣವಾಗಲಾರದು. ಸಮಯ ಕಳೆಯುವಂತೆ ಮಾಡಿದವನ ಸ್ಥಾನಮಾನವೂ ಅದರಲ್ಲಿ ಕೂಡಿಕೊಂಡಿದೆ.

ಈ ಸ್ಥಾನಮಾನಕ್ಕೆ ಚರಿತ್ರೆಯಿದೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಸೈಕಲ್ ಪ್ರತಿಷ್ಠೆಯ ವಸ್ತುವಾಗಿತ್ತು. ವರದಕ್ಷಿಣೆಯಲ್ಲಿ ಗಡಿಯಾರ, ರೇಡಿಯೋಗಳ ಜೊತೆ ಅದನ್ನು ಕೇಳುತ್ತಿದ್ದರು, ಕೊಳ್ಳಲಾಗದವರು ಸೈಕಲ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಿದ್ದರು. ಅನೇಕ ಪಟ್ಟಣಗಳ ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದವನನ್ನೂ ಇಬ್ಬರನ್ನು ಕೂರಿಸಿಕೊಂಡವನನ್ನೂ ಪೊಲೀಸರು ಹಿಡಿಯುತ್ತಿದ್ದರು. ಆಗ ರಸ್ತೆಯ ನಿಯಮಕ್ಕೆ ಒಳಪಡುವ ವಾಹನಗಳಲ್ಲಿ ಸೈಕಲ್ಲೂ ಒಂದಾಗಿತ್ತೆಂಬುದಕ್ಕೆ ಆ ದಂಡವೇ ಸಾಕ್ಷಿ. ಎಂಬತ್ತು, ತೊಂಬತ್ತರ ದಶಕಗಳ ನಂತರ ಮೊಪೆಡ್, ಬೈಕುಗಳು ಸಾಲದ ಕಂತಿನಲ್ಲಿ ಹಳ್ಳಿಗೂ ಬಂದಂತೆ, ಸೈಕಲ್ ಮೇಲೇರುವ ಮೆಟ್ಟಿಲಾಗಿ ಉಳಿಯದೆ ಹಿಂದುಳಿದವನ ಗುರುತಾಯಿತು. ಬೇವೂರಿನ ರಸ್ತೆಯಲ್ಲಿ ಸೈಕಲ್ಲನ್ನು ಬದಿಗೊತ್ತುವ ಬೈಕಿನವನು ಹೆಚ್ಚಾಗಿ ಕೆಲವೇ ವರ್ಷಗಳ ಹಿಂದೆ ಅದೇ ಸೈಕಲ್ ತುಳಿದವನು, ಅಥವಾ ತುಳಿದವನ ಮಗ. ತಾನು ದಾಟಿಬಂದ ಸ್ಥಿತಿಯನ್ನು ಎದುರಿಗೆ ಕಂಡಾಗ ಮನುಷ್ಯನಲ್ಲಿ ಮೂಡುವುದು ಯಾವಾಗಲೂ ಅನುಕಂಪವೇ ಆಗಿರುವುದಿಲ್ಲ. ಅದರಿಂದ ತನಗಿರುವ ದೂರವನ್ನು ಸ್ಪಷ್ಟಪಡಿಸಿಕೊಳ್ಳುವ ಆತುರವೂ ಆಗಿರಬಹುದು.

ಈ ಮನೋಭಾವ ಕೊಪ್ಪಳಕ್ಕೆ ಮಾತ್ರ ಸೀಮಿತವಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾನವ ವಿಕಾಸದ ಚಿತ್ರಗಳಂಥ ಅಳತೆಗೋಲುಗಳನ್ನು ಜನರ ಮುಂದಿಟ್ಟು, ಸೈಕಲ್ ಸವಾರರು ಎಷ್ಟರಮಟ್ಟಿಗೆ ಪೂರ್ಣ ಮನುಷ್ಯರೆಂದು ಅನ್ನಿಸುತ್ತದೆ ಎಂದು ಕೇಳಿತು. ಸೈಕಲ್ ಬಳಸದವರಲ್ಲಿ ಶೇ. 55ರಷ್ಟು ಮಂದಿ, ಸೈಕಲ್ ಬಳಸುವವರಲ್ಲಿಯೇ ಶೇ. 30ರಷ್ಟು ಮಂದಿ, ಸವಾರರನ್ನು ಪೂರ್ಣ ಮಾನವರಿಗಿಂತ ಕೆಳಗೆ ಗುರುತಿಸಿದರು. ಹಾಗೆ ಗುರುತಿಸಿದವರಲ್ಲಿ ಸವಾರರ ಮೇಲೆ ಆಕ್ರಮಣಕಾರಿಯಾಗಿ ವರ್ತಿಸುವ ಪ್ರವೃತ್ತಿಯೂ ಹೆಚ್ಚಾಗಿತ್ತು. ಎರಡನೆಯ ಅಂಕಿ ಮುಖ್ಯವಾದದ್ದು, ಏಕೆಂದರೆ ಕೀಳರಿಮೆಯು ಕೀಳಾಗಿಸಲ್ಪಟ್ಟವರೊಳಗೂ ಇಳಿಯುತ್ತದೆಂಬುದನ್ನು ಅದು ತೋರಿಸುತ್ತದೆ. ಹಳ್ಳಿಯಲ್ಲಿ ಹಾರ್ನ್ ಕೇಳಿದ ಕೂಡಲೇ ಸವಾರ ಇಳಿದು ಸೈಕಲ್ ಹಿಡಿದು ನಿಲ್ಲುವುದನ್ನು ಬರೀ ಜಾಗರೂಕತೆಯೆಂದು ವಿವರಿಸಲಾಗದು. ತನಗೆ ಅಲ್ಲಿ ಹಕ್ಕಿಲ್ಲವೆಂದು ಅವನೂ ಒಪ್ಪಿಕೊಂಡಿರುತ್ತಾನೆ. ಇದೇ ನಾಡಿನಲ್ಲಿ ಸೈಕಲ್ಲಿಗೆ ಗೌರವವೇ ಇಲ್ಲವೆಂದೂ ಹೇಳಲಾಗದು: ಹತ್ತಿರದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಂಗ್ ಪಟುಗಳನ್ನು ಬೆಳೆಸಿವೆ, ಜಾತ್ರೆ ಉತ್ಸವಗಳ ಸೈಕಲ್ ಸ್ಪರ್ಧೆಗಳಿಗೆ ಜನ ರಸ್ತೆಯ ಇಕ್ಕೆಲದಲ್ಲಿ ನಿಂತು ಕೇಕೆ ಹಾಕುತ್ತಾರೆ. ಕ್ರೀಡೆಯಾದಾಗ ಅದೇ ವಾಹನಕ್ಕೆ ರಸ್ತೆ ಬಿಡುವ ಸಮಾಜ ದುಡಿಮೆಯಾದಾಗ ಬಿಡದೆ ಇದ್ದರೆ, ತಕರಾರು ಸೈಕಲ್ಲಿನ ಮೇಲಿಲ್ಲ, ತುಳಿಯುವವನ ಮೇಲಿದೆ ಎಂದಾಯಿತು.

ಈ ತಿರಸ್ಕಾರಕ್ಕೆ ನ್ಯಾಯದ ವೇಷ ತೊಡಿಸುವ ಮೊದಲ ವಾದ ತೆರಿಗೆಯದು: ಮೋಟಾರಿನವರು ರಸ್ತೆ ತೆರಿಗೆ ಕಟ್ಟುತ್ತಾರೆ, ಸೈಕಲ್ಲಿನವರು ಕಟ್ಟುವುದಿಲ್ಲ, ಆದ್ದರಿಂದ ರಸ್ತೆ ಕಟ್ಟಿದವರದು ಎಂಬುದು ಅದರ ಸಾರ. ಕರ್ನಾಟಕದಲ್ಲಿ 1957ರ ಮೋಟಾರು ವಾಹನಗಳ ತೆರಿಗೆ ಕಾಯ್ದೆಯಡಿ ವಸೂಲಾಗುವುದು ವಾಹನದ ಮೇಲಿನ ತೆರಿಗೆ. ಅದು ರಾಜ್ಯದ ಬೊಕ್ಕಸ ಸೇರುತ್ತದೆಯೇ ಹೊರತು ಕಟ್ಟಿದವನಿಗೆ ರಸ್ತೆಯಲ್ಲಿ ಪಾಲು ಬರೆದುಕೊಡುವುದಿಲ್ಲ. ಇಂಧನದ ಮೇಲಿನ ಸೆಸ್‌ನಿಂದ, ಅಂದರೆ ನಿರ್ದಿಷ್ಟ ಉದ್ದೇಶಕ್ಕೆಂದು ಎತ್ತುವ ಹೆಚ್ಚುವರಿ ತೆರಿಗೆಯಿಂದ, ರಸ್ತೆಗಳಿಗೆ ಹಣ ಬರುವುದು ನಿಜವಾದರೂ, ಹಳ್ಳಿ ರಸ್ತೆಗೆ ಸಾಮಾನ್ಯ ಬೊಕ್ಕಸದ ಹಣವೂ ಬರುತ್ತದೆ. ಆ ಬೊಕ್ಕಸಕ್ಕೆ ಸೋಪು, ಬಟ್ಟೆ, ಚಪ್ಪಲಿ ಕೊಳ್ಳುವ ಕೂಲಿಯೂ ತೆರಿಗೆ ತುಂಬುತ್ತಾನೆ. ಸೈಕಲ್ಲಿನ ಮೇಲೆಯೂ 2025ರ ಸೆಪ್ಟೆಂಬರಿನವರೆಗೆ ಶೇ. 12ರಷ್ಟು ಸರಕು ಮತ್ತು ಸೇವಾ ತೆರಿಗೆಯಿತ್ತು, ಈಗ ಶೇ. 5ರಷ್ಟಿದೆ. ಪ್ರಪಂಚದ ಮಟ್ಟಿಗೆ ನೋಡಿದರೆ ಚರಿತ್ರೆ ಈ ವಾದವನ್ನು ತಿರುವುಮುರುವು ಮಾಡುತ್ತದೆ: ಬ್ರಿಟನ್ನಿನಲ್ಲಿ ಒಳ್ಳೆಯ ರಸ್ತೆಗಳಿಗಾಗಿ 1886ರಲ್ಲಿಯೇ ಸಂಘ ಕಟ್ಟಿ ಚಳವಳಿ ನಡೆಸಿದವರು ಸೈಕಲ್ ಸವಾರರು, ಕಾರುಗಳು ಬಂದದ್ದು ಆಮೇಲೆ.

ತೆರಿಗೆಯ ವಾದವನ್ನು ಇನ್ನೂ ಮುಂದೊಯ್ದು, ರಸ್ತೆಗೆ ಮಾಡುವ ಹಾನಿಗೆ ತಕ್ಕಂತೆ ಹಕ್ಕು ಅಳೆಯೋಣವೆಂದರೆ ಫಲಿತಾಂಶ ಮೋಟಾರಿಗೆ ಮತ್ತಷ್ಟು ಪ್ರತಿಕೂಲವಾಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ರೂಪುಗೊಂಡ ಸ್ಥೂಲ ನಿಯಮದ ಪ್ರಕಾರ, ರಸ್ತೆಯ ಸವೆತ ಆಕ್ಸಲ್ ಭಾರದ, ಅಂದರೆ ಒಂದು ಜೊತೆ ಚಕ್ರಗಳನ್ನು ಹೊರುವ ಅಚ್ಚಿನ ಮೇಲೆ ಬೀಳುವ ತೂಕದ, ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ಭಾರ ಎರಡು ಪಟ್ಟಾದರೆ ಸವೆತ ಹದಿನಾರು ಪಟ್ಟು. ಭಾರತದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಸವಾರನೂ ಸೇರಿ ನೂರು ಕಿಲೋ ತೂಗುವ ಸೈಕಲ್ಲಿನ ಒಂದು ಚಕ್ರದ ಮೇಲೆ ಐವತ್ತು ಕಿಲೋ ಎಂದಿಟ್ಟುಕೊಂಡರೆ, ಆ ಆಕ್ಸಲ್ಲಿನ ಒಂದು ಓಟದ ಸವೆತ ಸೈಕಲ್ಲಿನದಕ್ಕಿಂತ ಇನ್ನೂರು ಕೋಟಿ ಪಟ್ಟಿಗೂ ಹೆಚ್ಚು. ಅಂದಾಜಿನಲ್ಲಿ ಎಷ್ಟೇ ತಪ್ಪಿದ್ದರೂ ತೀರ್ಮಾನ ಬದಲಾಗುವುದಿಲ್ಲ. ಹೊಸಪೇಟೆ, ಗಿಣಿಗೇರಿ ಸುತ್ತಲಿನ ಅದಿರು ಮತ್ತು ಉಕ್ಕಿನ ಲಾರಿಗಳು, ಗಂಗಾವತಿಯ ಭತ್ತ ಅಕ್ಕಿಯ ಲಾರಿಗಳು, ಮರಳಿನ ಟಿಪ್ಪರುಗಳು, ಗಾಳಿಯಂತ್ರದ ರೆಕ್ಕೆ ಹೊತ್ತು ಬರುವ ಉದ್ದನೆಯ ಟ್ರೇಲರುಗಳು ಕೆಡಿಸಿದ ಅಂಚಿನಲ್ಲಿ, ಏನನ್ನೂ ಕೆಡಿಸದವನು ಬೀಳುತ್ತಾನೆ.

ಎರಡನೆಯ ವಾದ ಶಿಸ್ತಿನದು. ಸೈಕಲ್ಲಿಗೆ ಹಿಂದೀಪವಿರುವುದಿಲ್ಲ, ಸವಾರರು ಜೋಡಿಯಾಗಿ ಮಾತಾಡುತ್ತ ಹೋಗುತ್ತಾರೆ, ಕೈ ತೋರಿಸದೆ ತಿರುಗುತ್ತಾರೆ, ಹೆದ್ದಾರಿಯಲ್ಲಿ ಎದುರುಬದಿಯಿಂದ ಬರುತ್ತಾರೆ ಎಂಬ ದೂರುಗಳಲ್ಲಿ ಸತ್ಯವಿದೆ. ಅಮಾವಾಸ್ಯೆಯ ರಾತ್ರಿ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಸೈಕಲ್ಲನ್ನು ದೂರದಿಂದ ಗುರುತಿಸುವುದು ಎಚ್ಚರದ ಚಾಲಕನಿಗೂ ಕಷ್ಟ. ಆದರೆ ಈ ತಪ್ಪುಗಳಲ್ಲಿ ಕೆಲವನ್ನು ರಸ್ತೆಯೇ ಮಾಡಿಸುತ್ತದೆ. ಕುಷ್ಟಗಿಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಂಥ ನಾಲ್ಕು ಪಥದ ರಸ್ತೆಯಲ್ಲಿ ವಿಭಜಕದ ತೆರಪು ದೂರದಲ್ಲಿದ್ದರೆ, ಎದುರಿಗೇ ಕಾಣುವ ಹೊಲಕ್ಕೆ ಹೋಗಲು ಕಿಲೋಮೀಟರುಗಟ್ಟಲೆ ತುಳಿಯಬೇಕಾಗುತ್ತದೆ. ಎಂಜಿನಿಗೆ ಎರಡು ನಿಮಿಷದ ಸುತ್ತು ಕಾಲಿಗೆ ಹದಿನೈದು ನಿಮಿಷದ್ದು. ಇನ್ನು ಉಳಿದ ತಪ್ಪುಗಳ ವಿಷಯದಲ್ಲಿ ಗಮನಿಸಬೇಕಾದ ಅಸಮಾನತೆಯೊಂದಿದೆ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 30 ಕಿಲೋಮೀಟರ್ ವೇಗದ ವಾಹನ 60ಕ್ಕೇರಿದಾಗ ಅದರ ಹೊಡೆತ ನಾಲ್ಕು ಪಟ್ಟಾಗುತ್ತದೆ. ಸವಾರನ ತಪ್ಪಿಗೆ ದಂಡ ತೆರುವವನು ಹೆಚ್ಚಾಗಿ ಸವಾರನೇ; ಚಾಲಕನ ತಪ್ಪಿಗೆ ದಂಡ ತೆರುವವನೂ ಸವಾರನೇ. ಇಬ್ಬರ ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಎರಡೂ ಕಡೆ ದೋಷವಿದೆ’ ಎನ್ನುವುದು ಸಮದೃಷ್ಟಿಯಂತೆ ಕಂಡರೂ ನ್ಯಾಯವಲ್ಲ. ಜೊತೆಗೆ, ನಿಯಮ ಮುರಿದ ಕಾರಿನವನನ್ನು ಕಂಡಾಗ ಜನ ಅವನೊಬ್ಬನನ್ನು ಬೈಯುತ್ತಾರೆ; ಸೈಕಲ್ಲಿನವನು ಮುರಿದಾಗ ಸೈಕಲ್ಲಿನವರನ್ನೆಲ್ಲ ಬೈಯುತ್ತಾರೆ.

ಚಾಲಕನ ಪಕ್ಷದಲ್ಲಿಯೂ ಹೇಳಬೇಕಾದದ್ದಿದೆ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಲಾರಿ ಚಾಲಕ, ನಿಗದಿತ ಸಮಯಕ್ಕೆ ಕೊನೆಯ ನಿಲ್ದಾಣ ಮುಟ್ಟಬೇಕಾದ ಸಾರಿಗೆ ಸಂಸ್ಥೆಯ ಬಸ್ ಚಾಲಕ, ಮುಂದಿನ ಟಂಟಂಗಿಂತ ಮೊದಲು ಹೋಗಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳದಿದ್ದರೆ ಕಂತು ಕಟ್ಟಲಾಗದ ಟಂಟಂ ಚಾಲಕ, ಇವರೆಲ್ಲ ತಮ್ಮ ಮೇಲೆ ಬೇರೆಯವರು ಹೇರಿದ ಅವಸರವನ್ನು ಕೆಳಕ್ಕೆ ದಾಟಿಸುತ್ತಿರುತ್ತಾರೆ. ಹೆದ್ದಾರಿಯಲ್ಲಿ ಕಾರಿನವನು ಲಾರಿಗೆ, ಲಾರಿಯವನು ಟ್ರ್ಯಾಕ್ಟರಿಗೆ, ಊರ ರಸ್ತೆಯಲ್ಲಿ ಬೈಕಿನವನು ಸೈಕಲ್ಲಿಗೆ ಹಾರ್ನ್ ಹೊಡೆಯುವ ಈ ಸರಪಣಿಯ ತುದಿಯಲ್ಲಿರುವವನಿಗೆ ದಾಟಿಸಲು ಬೇರೆ ಯಾರೂ ಇರುವುದಿಲ್ಲ. ಇದು ಚಾಲಕನನ್ನು ದೋಷಮುಕ್ತಗೊಳಿಸುವುದಿಲ್ಲ; ಆದರೆ ತಾಳ್ಮೆಯ ಉಪದೇಶ ಏಕೆ ನಿಷ್ಫಲವೆಂಬುದನ್ನು ಮಾತ್ರ ವಿವರಿಸುತ್ತದೆ. ತಾಳ್ಮೆ ತೋರಿದ ಚಾಲಕನಿಗೆ ಮಾಲೀಕನಿಂದ ದಂಡ, ತೋರದವನಿಗೆ ಯಾರಿಂದಲೂ ದಂಡವಿಲ್ಲ ಎಂಬ ವ್ಯವಸ್ಥೆಯಲ್ಲಿ ಗುಣವಂತಿಕೆ ಹೆಚ್ಚು ದಿನ ಬಾಳುವುದಿಲ್ಲ.

ಈ ಹಗೆತನದ ಬೆಲೆ ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಮೊದಲು ಹೆಣ್ಣುಮಕ್ಕಳಿಗಿದ್ದ ಅದು ನಂತರ ಗಂಡುಮಕ್ಕಳಿಗೂ ವಿಸ್ತರಿಸಿ, ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಅದೇ 2006ರಲ್ಲಿ ಬಿಹಾರದಲ್ಲಿ ಆರಂಭವಾದ ಇಂಥದೇ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತೆಂದೂ ತೋರಿಸಿದರು. ಸೈಕಲ್ ಕೊಟ್ಟ ಸರ್ಕಾರವು ಅದನ್ನು ತುಳಿಯಲು ತಕ್ಕ ಅಂಚನ್ನು ಮಾತ್ರ ಕೊಡಲಿಲ್ಲ. ಹಿಂದಿನಿಂದ ಬೈಕು ಹಾರ್ನ್ ಹೊಡೆಯುತ್ತ ಹಿಂಬಾಲಿಸಿದರೆ ಹುಡುಗಿಗೆ ಅದು ಸಂಚಾರದ ತೊಂದರೆಯೂ ಹೌದು, ಕಿರುಕುಳವೂ ಹೌದು. ಮನೆಯವರು ಎರಡಕ್ಕೂ ಕಂಡುಕೊಳ್ಳುವ ಪರಿಹಾರ ಅವಳನ್ನು ಶಾಲೆ ಬಿಡಿಸುವುದಾಗುವ ಅಪಾಯ ಸದಾ ಇದೆ. ಇನ್ನೊಂದು ಸಂಗತಿಯೂ ಇದಕ್ಕೆ ಸೇರುತ್ತದೆ. ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು 2003ರಲ್ಲಿ ಹಲವು ದೇಶಗಳ ಅಂಕಿಗಳನ್ನು ಹೋಲಿಸಿ, ಸೈಕಲ್ ಬಳಕೆ ಎರಡು ಪಟ್ಟಾದಾಗ ಗಾಯಗೊಳ್ಳುವವರ ಸಂಖ್ಯೆ ಸುಮಾರು ಮೂರನೆಯ ಒಂದರಷ್ಟು ಮಾತ್ರ ಏರುತ್ತದೆಂದು ಕಂಡುಕೊಂಡರು. ಪದೇ ಪದೇ ಕಾಣುವ ಸೈಕಲ್ಲನ್ನು ಚಾಲಕರು ನಿರೀಕ್ಷಿಸಲು ಕಲಿಯುತ್ತಾರೆಂಬುದು ಅದಕ್ಕೆ ಕೊಡುವ ವಿವರಣೆ. ಈ ತರ್ಕ ಹಿಂದುಮುಂದಾಗಿಯೂ ನಡೆಯುತ್ತದೆ: ಹಗೆತನಕ್ಕೆ ಅಂಜಿ ಒಬ್ಬೊಬ್ಬರೇ ಸೈಕಲ್ ಬಿಟ್ಟಂತೆ ಉಳಿದವರ ಅಪಾಯ ಏರುತ್ತದೆ.

ಆದರೂ ಅಂಕಿ ಅಂಶಗಳಲ್ಲಿ ಇದು ಸಣ್ಣ ಸಮಸ್ಯೆಯಂತೆ ಕಾಣುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ಸೈಕಲ್ ಸವಾರರ ಪಾಲು ಸುಮಾರು ಶೇ. 3. ಈ ಶೇಕಡಾವಾರಿನ ಹಿಂದೆ ಎರಡು ಕುರುಡುತನಗಳಿವೆ. ಎಷ್ಟು ಜನ ಸೈಕಲ್ ತುಳಿಯುತ್ತಾರೆಂಬುದನ್ನೇ ಸರಿಯಾಗಿ ಎಣಿಸಿಲ್ಲ: 2011ರ ಜನಗಣತಿಯು ಕೆಲಸಕ್ಕೆ ಹೋಗುವ ಬಗೆಯನ್ನು ಕೇಳಿ ಸೈಕಲ್ಲಿನ ಪಾಲು ಸುಮಾರು ಶೇ. 13 ಎಂದು ದಾಖಲಿಸಿದಾಗ, ಕೃಷಿಯಲ್ಲಿ ಮತ್ತು ಗೃಹಕೈಗಾರಿಕೆಯಲ್ಲಿ ದುಡಿಯುವವರನ್ನು ಆ ಪ್ರಶ್ನೆಯಿಂದ ಹೊರಗಿಟ್ಟಿತ್ತು; ಬೇವೂರಿನಂಥ ಊರಿನ ಹೆಚ್ಚಿನ ದುಡಿಮೆಗಾರರು ಅಲ್ಲಿಗೇ ಲೆಕ್ಕದಿಂದ ಬಿಟ್ಟುಹೋದರು. ಎರಡನೆಯದಾಗಿ, ದಾಖಲೆಗೆ ಬರುವುದು ಸಾವು ಮತ್ತು ಗಾಯ. ಬೇವೂರಿನಲ್ಲಿ ಪೊಲೀಸ್ ಠಾಣೆಯಿದೆ; ಡಿಕ್ಕಿಯಾಗಿ ಯಾರಾದರೂ ಬಿದ್ದರೆ ಅಲ್ಲಿ ಪ್ರಕರಣ ದಾಖಲಾಗಬಹುದು. ಆದರೆ ಗೇಣಿನ ಅಂತರದಲ್ಲಿ ಹಾದುಹೋದ ಟಿಪ್ಪರಿಗೆ, ಹಳ್ಳಕ್ಕೆ ಇಳಿಸಿ ಮುಂದೆ ಹೋದ ಕ್ರೂಸರಿಗೆ, ಬಿದ್ದು ಮೊಣಕಾಲು ತರಚಿಕೊಂಡು ಎದ್ದು ಹೋದ ಹುಡುಗನಿಗೆ ಯಾವ ಪುಸ್ತಕದಲ್ಲೂ ಸಾಲಿಲ್ಲ. ಸಾವಿಗಿಂತ ಮುಂಚಿನ ಹಗೆತನವನ್ನೆಲ್ಲ ದಾಖಲೆಯಿಂದ ಹೊರಗಿಟ್ಟು, ಸಾವುಗಳು ಕಡಿಮೆಯೆಂದು ಸಮಾಧಾನ ಪಡುವುದು ತರ್ಕದೋಷ.

ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. ಕಾಲ್ನಡಿಗೆಯವರು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರು ಮುಂತಾದ ಹೆಚ್ಚು ಅಪಾಯಕ್ಕೊಳಗಾಗುವ ಬಳಕೆದಾರರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಅಪಘಾತದಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಕೇಳುವ ಅವಕಾಶವನ್ನು 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಕೊಡುತ್ತದೆ. ಅದೇ ತಿದ್ದುಪಡಿ ಸೇರಿಸಿದ 138ನೇ ಕಲಮಿನ (1ಎ) ಉಪಕಲಂ, ಮೋಟಾರು ರಹಿತ ವಾಹನಗಳು ಮತ್ತು ಕಾಲ್ನಡಿಗೆಯವರ ಸಂಚಾರದ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ಅಂಥ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ಇಂಥ ಅಧಿಕಾರ ಎರಡಲಗಿನದು. ಸೈಕಲ್ಲನ್ನು ಕಾಪಾಡಲು ಹೇಗೋ ಹಾಗೆ ಹೊರಗಿಡಲೂ ಅದನ್ನು ಬಳಸಬಹುದು: ಕೋಲ್ಕತ್ತದಲ್ಲಿ 2008ರಿಂದ ಹಲವು ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿ, 2013ರಲ್ಲಿ ನಿಷೇಧವನ್ನು ನೂರಕ್ಕೂ ಹೆಚ್ಚು ರಸ್ತೆಗಳಿಗೆ ವಿಸ್ತರಿಸಿದಾಗ, ಸಂಚಾರ ಸುಗಮವಾಗಲೆಂಬ ಕಾರಣವನ್ನೇ ಕೊಡಲಾಗಿತ್ತು.

ಬೇರೆ ದೇಶಗಳು ನಡೆದ ದಾರಿ ಈ ಎರಡಲಗನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಸೂಚಿಸುತ್ತದೆ. ಇಂದು ಸೈಕಲ್ಲಿನ ನಾಡೆಂದು ಹೆಸರಾದ ನೆದರ್‌ಲೆಂಡ್ಸಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಜನ ಬಲಿಯಾಗಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ಪೋಷಕರು ಬೀದಿಗಿಳಿದ ಮೇಲೆ ರಸ್ತೆಗಳ ವಿನ್ಯಾಸ ಬದಲಾಯಿತು. ಅಲ್ಲಿನ ಕಾನೂನಿನಲ್ಲಿ ಸೈಕಲ್ಲಿಗೆ ಮೋಟಾರು ಡಿಕ್ಕಿಯಾದರೆ, ಅದು ತಡೆಯಲಾಗದ್ದಾಗಿತ್ತೆಂದು ತೋರಿಸುವ ಹೊರೆ ಮೋಟಾರಿನ ಮೇಲಿದೆ. ಜರ್ಮನಿಯು 2020ರಲ್ಲಿ ಸೈಕಲ್ಲನ್ನು ದಾಟುವಾಗ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಅಂತರ ಬಿಡಬೇಕೆಂದು ವಿಧಿಸಿತು. 2022ರ ಜನವರಿಯಲ್ಲಿ ಪರಿಷ್ಕರಿಸಿದ ಬ್ರಿಟನ್ನಿನ ರಸ್ತೆ ಸಂಹಿತೆ, ಹೆಚ್ಚು ಹಾನಿ ಮಾಡಬಲ್ಲವನ ಮೇಲೆ ಹೆಚ್ಚು ಹೊಣೆಯೆಂಬ ತತ್ತ್ವವನ್ನು ಮುಂದಿಟ್ಟಿತು. ಈ ದೇಶಗಳ ಚಾಲಕರು ಹುಟ್ಟಿನಿಂದ ಸೌಮ್ಯರೇನಲ್ಲ. ಕೆಳಗಿಳಿಯಬೇಕಾದವರು ಯಾರೆಂಬ ಪ್ರಶ್ನೆಗೆ ಅಲ್ಲಿ ಬೇರೆ ಉತ್ತರವನ್ನು ಕಾನೂನಿನಲ್ಲಿಯೂ ಕಾಂಕ್ರೀಟಿನಲ್ಲಿಯೂ ಬರೆಯಲಾಯಿತು, ಸ್ವಭಾವ ಅದನ್ನು ಹಿಂಬಾಲಿಸಿತು.

ಕೊಪ್ಪಳದ ಹಳ್ಳಿ ರಸ್ತೆಗೆ ಡಚ್ಚರ ಸೈಕಲ್ ಪಥವನ್ನು ತಂದು ಹಾಸಬೇಕೆಂದಿಲ್ಲ. ಮೊದಲನೆಯದಾಗಿ, ರಸ್ತೆಗೆ ಮೇಲ್ಪದರ ಹಾಕುವ ಗುತ್ತಿಗೆಯಲ್ಲಿಯೇ ಎರಡೂ ಬದಿಯ ಶೋಲ್ಡರನ್ನು ಡಾಂಬರಿನ ಮಟ್ಟಕ್ಕೆ ಮೊರಂ ಹಾಕಿ ರೋಲರ್ ಹೊಡೆಯುವ ಕೆಲಸ ಸೇರಿರಬೇಕು, ಅದಾಗದೆ ಬಿಲ್ಲು ಪಾಸಾಗಬಾರದು. ಶಾಲೆಯಿರುವ ಊರಿನಿಂದ ಎರಡು ಮೂರು ಕಿಲೋಮೀಟರಿನವರೆಗಾದರೂ ಈ ಪಟ್ಟಿ ಗಟ್ಟಿಯಾಗಿರಬೇಕು. ಎರಡನೆಯದಾಗಿ, ದಾಟುವಾಗ ಬಿಡಬೇಕಾದ ಅಂತರವನ್ನು ಅಳತೆಯಲ್ಲಿ ಹೇಳುವ ನಿಯಮ ರಾಜ್ಯದಲ್ಲಿ ಬರಬೇಕು, ಜಾಗವಿಲ್ಲದೆಡೆ ಹಿಂದೆ ಕಾಯುವುದೇ ನಿಯಮವೆಂಬುದು ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಪ್ರಶ್ನೆಯಾಗಬೇಕು. ಮೂರನೆಯದಾಗಿ, ಶಾಲೆ ಕೂಡುವ ಮತ್ತು ಬಿಡುವ ಹೊತ್ತಿನಲ್ಲಿ ಟಿಪ್ಪರುಗಳ ಓಡಾಟಕ್ಕೆ ತಡೆಯಿರಬೇಕು. ನಾಲ್ಕನೆಯದಾಗಿ, ಗಾಯವಾಗದ ದೂರುಗಳನ್ನೂ ಠಾಣೆಯಲ್ಲಿ ಬರೆದುಕೊಂಡು, ಒಂದೇ ವಾಹನದ ಅಥವಾ ಒಂದೇ ತಿರುವಿನ ಮೇಲೆ ದೂರುಗಳು ಕೂಡಿದಾಗ ಕ್ರಮ ಕೈಗೊಳ್ಳುವ ಪದ್ಧತಿ ಬೆಳೆಯಬೇಕು. ಸವಾರರ ಕಡೆಯಿಂದ ಪ್ರತಿಫಲಕ, ದೀಪ, ಒಂದೇ ಸಾಲಿನ ನಡೆ ಬೇಕೆಂಬುದೂ ನ್ಯಾಯವೇ; ಆದರೆ ಅದು ಈ ನಾಲ್ಕಕ್ಕೆ ಜೊತೆಯಾಗಿ ಬರಬೇಕು, ಇವುಗಳಿಗೆ ಬದಲಿಯಾಗಿ ಬರಬಾರದು.

ಇನ್ನು ಹತ್ತು ವರ್ಷಗಳಲ್ಲಿ ಎಲ್ಲರೂ ಬೈಕು ಅಥವಾ ವಿದ್ಯುತ್ ಸ್ಕೂಟರಿಗೆ ಬದಲಾಗುವರು, ಅಳಿದುಹೋಗುವ ವಾಹನಕ್ಕಾಗಿ ರಸ್ತೆಯನ್ನೇಕೆ ತಿದ್ದಬೇಕು ಎಂಬ ಕೊನೆಯ ಆಕ್ಷೇಪವೊಂದಿದೆ. ಅಳಿಯುವುದು ಹಾಗಿರಲಿ, 2001 ಮತ್ತು 2011ರ ಜನಗಣತಿಗಳ ನಡುವೆ ಬೈಕುಗಳು ಹೆಚ್ಚುತ್ತಿದ್ದಾಗಲೂ ಸೈಕಲ್ಲಿರುವ ಮನೆಗಳ ಪ್ರಮಾಣ ದೇಶದಲ್ಲಿ ಇಳಿಯಲಿಲ್ಲ, ಶೇ. 44ರ ಆಸುಪಾಸಿನಿಂದ ಶೇ. 45ಕ್ಕೆ ಬಂತು. ಪರವಾನಗಿಯ ವಯಸ್ಸಾಗದ ಮಕ್ಕಳಿಗೆ ಸ್ವಂತ ಬಲದಿಂದ ಶಾಲೆ ಮುಟ್ಟಲು ಕಾನೂನುಬದ್ಧವಾದ ವಾಹನ ಇವತ್ತಿಗೂ ಸೈಕಲ್ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಸೈಕಲ್ಲಿಗಾಗಿ ಗಟ್ಟಿಗೊಳಿಸಿದ ಅಂಚು ಹೊಲದಿಂದ ಹೊರೆ ಹೊತ್ತು ಬರುವ ಹೆಂಗಸಿಗೂ, ಎತ್ತಿನ ಗಾಡಿಗೂ, ಎದುರಿನ ಲಾರಿಗೆ ಜಾಗ ಬಿಡಬೇಕಾದ ಬೈಕಿನವನಿಗೂ ಬೇಕಾದದ್ದೇ.

ರಸ್ತೆ ಸಾರ್ವಜನಿಕ ಆಸ್ತಿ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅದು ನಿಜವೋ ಅಲ್ಲವೋ ಎಂಬುದು ಇಕ್ಕಟ್ಟಿನ ಗಳಿಗೆಯಲ್ಲಿ ಅದರ ಮೇಲೆ ಯಾರು ಉಳಿಯುತ್ತಾರೆಂಬುದರಿಂದ ತೀರ್ಮಾನವಾಗುತ್ತದೆ. ತೂಕವುಳ್ಳವನು ಉಳಿದು ಉಳಿದವರು ಇಳಿಯುವ ರಸ್ತೆ ಬಲಿಷ್ಠರ ಆಸ್ತಿಯೇ ಸರಿ, ಅದಕ್ಕೆ ಹಣ ಹಾಕಿದವರು ಯಾರೇ ಆಗಿರಲಿ. ಅಪಾಯವನ್ನು ತಂದವನೇ ಎಚ್ಚರದ ಹೊರೆಯನ್ನೂ ಹೊರಬೇಕು, ಕಾಯುವ ಕಷ್ಟ ಎಂಜಿನ್ನಿಗಿರಬೇಕು ಎಂಬ ಕ್ರಮ ಬಂದಾಗ ಚಾಲಕನು ಸೈಕಲ್ ಸವಾರನನ್ನು ಪ್ರೀತಿಸಬೇಕಾದ ಅಗತ್ಯವಿಲ್ಲ. ಅವನ ಹಿಂದೆ ನಲವತ್ತೆಂಟು ಸೆಕೆಂಡು ಕಾಯ್ದರೆ ಸಾಕು.